ನನ್ನ ಗಂಡನ ಕಥೆಗಳಲ್ಲಿ ಸತ್ತ ಹೆಂಗಸರು

ನಮ್ಮ ಮನೆಯವರು ಕಥೆ ಬರೆಯುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ರಾಯದುರ್ಗದ ಎಲಿಮೆಂಟರಿ ಶಾಲೆಯಲ್ಲಿ ಮೇಷ್ಟರಾಗಿದ್ದರು. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಒಂದು ಚೊಂಬು ಮಜ್ಜಿಗೆ ಕುಡಿದು ಪಡಸಾಲೆಯ ಕಿಟಕಿ ಹತ್ತಿರ ಕುಳಿತರೆಂದರೆ ಒಬ್ಬ ಹೆಂಗಸು ಸಾಯುವವರೆಗೆ ಏಳುತ್ತಿರಲಿಲ್ಲ. ಅವಳು ಸತ್ತ ಮೇಲೆ ಹಸಿವಾಗುತ್ತಿತ್ತು. ಆಗ ನಾನು ರೊಟ್ಟಿ ಬಡಿಯಬೇಕು.

ಅವರ ಅಕ್ಷರ ಕೋಳಿ ಕೆದರಿದ ಹಾಗೆ. ನಾನು ಮಡಕಶಿರಾದ ಕಡೆಯವಳು, ಐದನೇ ಕ್ಲಾಸು ಓದಿದವಳು, ಬರವಣಿಗೆ ಗುಂಡಾಗಿತ್ತು. ಹಾಗಾಗಿ ಕಥೆಗಳನ್ನು ನಕಲು ಮಾಡುವುದು ನನ್ನ ಪಾಲಿಗೆ ಬಂತು. ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಅವು ಹೋಗುತ್ತಿದ್ದವು. ಐದಾರು ವರ್ಷ ನಾನು ಆ ಕೆಲಸ ಮಾಡಿದೆ. ಅವರು ಕೊಂದವರನ್ನೆಲ್ಲ ನಾನು ಇನ್ನೊಂದು ಸಲ, ಒಳ್ಳೆಯ ಅಕ್ಷರದಲ್ಲಿ, ಕೊಂದಿದ್ದೇನೆ.

ಎಷ್ಟೇ ಕಥೆ ಬರೆದರೂ ಅವರ ಹತ್ತಿರ ಇದ್ದದ್ದು ನಾಲ್ಕೇ ಹೆಂಗಸರು. ಒಬ್ಬಳು ಗಂಡನ ಸೇವೆ ಮಾಡಿ ಮಾಡಿ ಕೆಮ್ಮಿ ಸಾಯುವವಳು. ಅವಳು ಸತ್ತ ಮೇಲೆ ಗಂಡನಿಗೆ ಅವಳ ಬೆಲೆ ತಿಳಿಯುತ್ತಿತ್ತು. ಇನ್ನೊಬ್ಬಳು ಓದಿದವಳು, ಕಾಲಿಗೆ ಚಪ್ಪಲಿ ಮೆಟ್ಟುತ್ತಿದ್ದಳು, ಆದ್ದರಿಂದ ಅವಳ ಮನೆಯಲ್ಲಿ ಸಾರು ಸೀಯುತ್ತಿತ್ತು. ಮೂರನೆಯವಳು ಊರ ಹೊರಗಿನ ಸೂಳೆ. ನಮ್ಮ ಸುತ್ತಿನ ಯಾವ ಗಂಡಸಿಗೂ ಇಲ್ಲದ ಔದಾರ್ಯ ಅವಳಿಗಿತ್ತು, ಕೊನೆಗೆ ನಾಯಕನ ಕಾಲು ಮುಟ್ಟಿ ಎಲ್ಲಿಗೋ ಹೊರಟುಹೋಗುತ್ತಿದ್ದಳು. ನಾಲ್ಕನೆಯವಳು ವಿಧವೆ. ವಿಧವೆಯರಲ್ಲಿ ಮತ್ತೆ ಎರಡು ಬಗೆ. ಒಳ್ಳೆಯವಳು ಯಾರ ಮುಖವನ್ನೂ ನೋಡದೆ ತುಳಸಿಗೆ ನೀರೆರೆಯುತ್ತಿದ್ದಳು. ಕೆಟ್ಟವಳು ಒಂದು ಸಲ ನಗುತ್ತಿದ್ದಳು, ಆಮೇಲೆ ಬಾವಿಗೆ ಬೀಳುತ್ತಿದ್ದಳು. ರಾಯದುರ್ಗದ ಕಡೆ ಬೇಸಿಗೆಯಲ್ಲಿ ಕೊಡ ಮುಳುಗುವಷ್ಟು ನೀರಿಗೆ ನಾವು ಮೂರು ಬಾವಿ ಸುತ್ತುತ್ತಿದ್ದೆವು. ಇವರ ಕಥೆಯಲ್ಲಿ ಮಾತ್ರ ಬಾವಿ ತುಂಬಿಕೊಂಡು ಕಾಯುತ್ತಿತ್ತು.

ನಮ್ಮ ಮನೆಯಲ್ಲೇ ಒಬ್ಬ ವಿಧವೆ ಇದ್ದಳು. ಅವರ ಸ್ವಂತ ತಂಗಿ, ನನ್ನ ನಾದಿನಿ. ಬೊಮ್ಮನಹಾಳಿನ ಕಡೆ ಕೊಟ್ಟಿದ್ದರಂತೆ. ಹದಿನಾರಕ್ಕೆ ಗಂಡ ಹೋದ, ಹದಿನೇಳಕ್ಕೆ ತವರಿಗೆ ಬಂದಳು. ನಾನು ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತು, ನನಗೆ ಹದಿನೆಂಟು. ಅವಳು ನಕ್ಕರೆ ಹಿಂದಿನ ಓಣಿಯ ತನಕ ಕೇಳಿಸುತ್ತಿತ್ತು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕದ್ದು ತಿನ್ನುವಳು, ಊರಿನ ರೆವಿನ್ಯೂ ಇನ್ಸ್‌ಪೆಕ್ಟರು ತೆಲುಗಿನಲ್ಲಿ ಬೈಯುವುದನ್ನು ಮೀಸೆ ತಿರುವಿ ಮಾಡಿ ತೋರಿಸುವಳು, ನನ್ನ ಮಡಕಶಿರಾ ಮಾತನ್ನು ಆಡಿಕೊಳ್ಳುವಳು. ನಾನು 'ಓಗ್ತೀನಿ' ಅಂದರೆ ಸಾಕು, ದಿನವಿಡೀ ಅದನ್ನೇ ಅನ್ನುವಳು. ಓದು ಅಂದರೆ ಪ್ರಾಣ. ಅಣ್ಣನ ಹಳೆಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಳು. ಒಂದೇ ಮನೆಯಲ್ಲಿ ಇಂಥ ತಂಗಿಯನ್ನು ಇಟ್ಟುಕೊಂಡು ಆ ಮನುಷ್ಯ ತುಳಸಿಗೆ ನೀರೆರೆಯುವ ವಿಧವೆಯನ್ನು ಹೇಗೆ ಬರೆಯುತ್ತಿದ್ದರೋ, ಅವರ ಕಣ್ಣಿಗಿಷ್ಟು ಬೆಂಕಿ ಹಾಕ.

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿಯಲ್ಲಿ ಹೆಣ್ಣುಮಕ್ಕಳಿಗೆ ಟೀಚರ್ ಟ್ರೈನಿಂಗ್ ಕೊಡುತ್ತಾರೆ, ವಿಧವೆಯರನ್ನು ಮೊದಲು ತೆಗೆದುಕೊಳ್ಳುತ್ತಾರೆ, ಇರಲಿಕ್ಕೆ ಹಾಸ್ಟೆಲ್ಲೂ ಉಂಟು ಎಂದು ಶಾಲೆಗೆ ಬಂದ ಒಬ್ಬ ಇನ್ಸ್‌ಪೆಕ್ಟ್ರೆಸ್ ಹೇಳಿ ಹೋದರು. ಅಂದಿನಿಂದ ನಾದಿನಿಗೆ ಅದೊಂದೇ ಧ್ಯಾನ. ಅರ್ಜಿಯ ಫಾರಂ ತರಿಸಿಕೊಂಡಳು. ಅದಕ್ಕೆ ನಮ್ಮ ಮಾವನವರ ಸಹಿ ಬೇಕಿತ್ತು. ಆ ಸಹಿ ಬಿದ್ದರೆ ಅವಳಿಗೊಂದು ಬದುಕು, ಬೀಳದಿದ್ದರೆ ಸಾಯುವವರೆಗೆ ನಮ್ಮ ಅಡುಗೆಮನೆ. ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಣ್ಣನನ್ನು ಕೇಳಿದರೆ ಮೀಸೆಯಲ್ಲಿ ನಕ್ಕು, ಅಪ್ಪನ ಇಷ್ಟ ಎಂದು ಜಾರಿಕೊಂಡರು. ಹೋಗಿ ಕಿಟಕಿ ಹತ್ತಿರ ಕುಳಿತರು. ಹೊಸ ಕಥೆ ಶುರುವಾಯಿತು.

ಆ ಕಥೆಯನ್ನೂ ನಕಲಿಗೆ ನನ್ನ ಕೈಗೇ ಕೊಟ್ಟರು. ಒಬ್ಬ ವಿಧವೆ ಪಟ್ಟಣಕ್ಕೆ ಟ್ರೈನಿಂಗಿಗೆ ಹೋಗುತ್ತಾಳೆ. ಅಲ್ಲಿ ಒಬ್ಬ ಮೇಷ್ಟರ ಕಡೆ ನೋಡಿ ನಗುತ್ತಾಳೆ. ಆಮೇಲೆ ಆಗುವುದು ಆಗುತ್ತದೆ. ಊರಿಗೆ ಬಂದು ಬಾವಿಗೆ ಬೀಳುತ್ತಾಳೆ. ಇದು ನಿಮ್ಮ ತಂಗಿಯ ಮೇಲೇ ಬರೆದ ಹಾಗಿದೆಯಲ್ಲ ಎಂದೆ. ಕಥೆಗೂ ಮನೆಗೂ ಗಂಟು ಹಾಕಬೇಡ, ಕಲೆ ನಿನಗೆ ತಿಳಿಯುವುದಿಲ್ಲ ಎಂದರು. ತಿಳಿಯದವಳು ನಕಲು ಮಾಡಿದೆ, ಕವರಿಗೆ ಅಂಟು ಹಚ್ಚಿದೆ. ಅದನ್ನು ಒಲೆಗೆ ಹಾಕುವ ಧೈರ್ಯ ನನಗಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮುಂಗಾರಿಗೆ ಮುಂಚೆ ಬಿತ್ತನೆಯ ಕಡಲೆಕಾಯಿಯನ್ನು ಕೈಯಲ್ಲೇ ಸುಲಿಯಬೇಕು. ಬಡಿದರೆ ಬೀಜ ಸೀಳುತ್ತದೆ, ಸೀಳಿದ ಬೀಜ ಮೊಳೆಯುವುದಿಲ್ಲ. ಗುಮ್ಮಘಟ್ಟದ ಕಡೆಯಿಂದ ಏಳೆಂಟು ಹೆಂಗಸರು ಕೂಲಿಗೆ ಬರುತ್ತಿದ್ದರು. ಸುಲಿಯುವ ಕೈ ಬಾಯಿಗೂ ಹೋಗುತ್ತದಲ್ಲ, ಅದಕ್ಕೆ ಕೆಲವರ ಮನೆಯಲ್ಲಿ ಹಾಡು ಹೇಳಿಸುತ್ತಿದ್ದರು. ನಮ್ಮ ಮಾವ ಅವರಿಗಿಂತ ಜಾಣರು. ಮಗನ ಕಥೆಯನ್ನು ನನ್ನಿಂದ ಓದಿಸುವರು, ಒಂದೊಂದು ಮಾತಿಗೂ ಹೆಂಗಸರೆಲ್ಲ ಹೂಂ ಅನ್ನಲೇಬೇಕು ಎನ್ನುವರು. ಹೂಂಗುಟ್ಟುವ ಬಾಯಿ ಬೀಜ ಅಗಿಯುವುದಿಲ್ಲ ಎಂಬುದು ಅವರ ಲೆಕ್ಕ. ತಾವೂ ಕಟ್ಟೆಯ ಮೇಲೆ ಕುಳಿತು ಕೇಳುವರು. ಮನೆಯಲ್ಲಿ ಆಡುವುದು ಕನ್ನಡವಾದರೂ ಅವರು ಚಿಕ್ಕಂದಿನಲ್ಲಿ ಓದಿದ್ದು ತೆಲುಗು ಶಾಲೆಯಲ್ಲಿ. ತೆಲುಗು ಕಾಗದ ಪತ್ರ ಸರಸರ ಓದುತ್ತಿದ್ದರು. ಕನ್ನಡದ ಅಕ್ಷರ ಕಂಡರೆ ಅರ್ಧ ಗುರುತು ಸಿಕ್ಕಿ ಅರ್ಧ ತಪ್ಪಿ ಸಿಟ್ಟು ಬರುತ್ತಿತ್ತು, ಮುಚ್ಚಿಡುತ್ತಿದ್ದರು. ಹೀಗಾಗಿ ಮಗ ಏನು ಬರೆಯುತ್ತಾನೆಂಬುದು ಅವರಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು.

ಆ ವರ್ಷ ಕಥೆ ಅಚ್ಚಾಗಿ ಬಂದದ್ದು ಕಡಲೆಕಾಯಿ ಸುಲಿಯುತ್ತಿದ್ದಾಗಲೇ. ನಮ್ಮವರು ಶಾಲೆಯಲ್ಲಿದ್ದರು. ಟಪಾಲಿನವನು ಪತ್ರಿಕೆ ಕೊಟ್ಟು ಹೋದ. ಓದವ್ವಾ ಎಂದರು ಮಾವ. ನಾದಿನಿ ನನ್ನ ಪಕ್ಕದಲ್ಲೇ ಮೊರ ಇಟ್ಟುಕೊಂಡು ಕುಳಿತಿದ್ದಳು. ಕಥೆಯ ವಿಧವೆ ಟ್ರೈನಿಂಗಿಗೆ ಹೊರಟಳೆಂದು ಓದಿದ ಕೂಡಲೇ ಅವಳ ಕೈ ನಿಂತಿತು. ಹೆಂಗಸರು ಹೂಂ ಎಂದರು. ಮಾವ ಗೋಡೆಗೊರಗಿದ್ದವರು ನೆಟ್ಟಗೆ ಕುಳಿತರು. ಮುಂದಿನ ಪುಟದಲ್ಲಿ ಆ ಮೇಷ್ಟರು, ಆ ನಗು, ಆ ಬಾವಿ. ನಾನು ಪುಟ ತಿರುವಿದೆ. ಓದಲಿಲ್ಲ.

ಕಣ್ಣು ಪುಟದ ಮೇಲೆ, ಬಾಯಿ ಬೇರೆ ಕಡೆ. ಅವಳು ಪಾಸಾದಳು ಎಂದೆ. ಹೂಂ ಎಂದರು. ಊರಿಗೆ ಟೀಚರಾಗಿ ಬಂದಳು ಎಂದೆ. ಹೂಂ. ಅವಳ ಅಪ್ಪನಿಗೆ ಊರಿನವರೆಲ್ಲ ಕೈ ಮುಗಿದರು ಎಂದೆ. ಮಾವನೇ ಜೋರಾಗಿ ಹೂಂ ಎಂದರು. ಆದರೂ ಅವರ ಮುಖದಲ್ಲೊಂದು ಅನುಮಾನ ಉಳಿದಿತ್ತು. ಅದೇನೆಂದು ನನಗೆ ಗೊತ್ತಿತ್ತು. ಅದನ್ನು ಅಳಿಸಲಿಕ್ಕೆ ಏನಾದರೂ ಹೇಳಬೇಕಿತ್ತು, ತಕ್ಷಣ ಹೇಳಬೇಕಿತ್ತು. ಬಾಯಿಗೆ ಒಂದು ಮಾತು ಸಲೀಸಾಗಿ ಬಂತು: 'ಅಂದಿನಿಂದ ಆಕೆ ಯಾವ ಗಂಡಸಿನ ಮುಖವನ್ನೂ ಕಣ್ಣೆತ್ತಿ ನೋಡಲಿಲ್ಲ, ಶಾಲೆಯ ಮಕ್ಕಳೇ ಆಕೆಯ ಮಕ್ಕಳಾದರು.' ಈ ಮಾತು ನನ್ನದಲ್ಲ. ನಮ್ಮವರ ಬೇರೊಂದು ಕಥೆಯ ಒಳ್ಳೆಯ ವಿಧವೆಯ ಮಾತು, ಊರ ಮಕ್ಕಳಿದ್ದಲ್ಲಿ ಶಾಲೆಯ ಮಕ್ಕಳು ಬಂದರು ಅಷ್ಟೇ. ನಕಲು ಮಾಡಿ ಮಾಡಿ ಬಾಯಿಪಾಠವಾಗಿತ್ತು.

ಮಾವನ ಕಣ್ಣು ತುಂಬಿತು. ಬಾಗುಂದಿ, ಬಾಗುಂದಿ ಎಂದು ತೆಲುಗಿನಲ್ಲಿ ಹೇಳಿಕೊಂಡರು. ಮಗ ತನ್ನೆದುರಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಕಥೆ ಬರೆದು ತಿಳಿಸಿದ್ದಾನೆ ಎಂದು ಅವರು ನಂಬಿದರು. ತಂಗಿಯ ಮೇಲೆ ಇಷ್ಟು ಕಕ್ಕುಲಾತಿ ಇದ್ದವನು ಅರ್ಜಿಯ ಮಾತು ಬಂದಾಗ ಯಾಕೆ ಸುಮ್ಮನಿದ್ದ ಎಂದು ತಾವೇ ಕೇಳಿ, ನಾಚಿಕೆ ಎಂದು ತಾವೇ ಉತ್ತರ ಹೇಳಿಕೊಂಡರು. ಫಾರಂ ತರಿಸಿ, ಅಲ್ಲೇ ಕಟ್ಟೆಯ ಮೇಲೆ, ಕಡಲೆ ಸಿಪ್ಪೆಯ ನಡುವೆ, ತೆಲುಗಿನಲ್ಲಿ ಸಹಿ ಹಾಕಿದರು.

ನಾದಿನಿ ಪತ್ರಿಕೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ನನ್ನ ಎರಡೂ ಕೆನ್ನೆ ಹಿಂಡಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಆಮೇಲೆ ಕೇಳಿದಳು.

"ಎಲ್ಲಾ ಛಲೋ ಹೇಳಿದಿ. ಆ ಗಂಡಸರ ಮುಖದ ಮಾತು ಯಾಕ ಹಾಕಿದಿ?"

ಅದು ಇಲ್ಲದಿದ್ದರೆ ನಿಮ್ಮಪ್ಪ ಸಹಿ ಹಾಕುತ್ತಿದ್ದರಾ ಎಂದೆ. ಅವಳು ಯೋಚಿಸಿ, ಹೋಗಲಿ ಬಿಡು ಎಂದಳು.

ಸಂಜೆ ನಮ್ಮವರು ಬಂದರು. ಮಾವ ಬಾಗಿಲಲ್ಲೇ ತಡೆದು ಬೆನ್ನು ತಟ್ಟಿದರು. ಹುಟ್ಟಿದಂದಿನಿಂದ ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳದ ಮನುಷ್ಯ. ಏನು, ಯಾಕೆ ಎಂದು ತಿಳಿಯುವ ಮೊದಲೇ ಮುಖ ಅರಳಿತು. ಒಳಗೆ ಬಂದು ಸಹಿಯಾದ ಫಾರಂ ನೋಡಿದರು, ಪತ್ರಿಕೆ ನೋಡಿದರು, ನನ್ನನ್ನು ನೋಡಿದರು, ಅರ್ಥವಾಯಿತು. ನನ್ನ ಕಥೆಯ ಕುತ್ತಿಗೆ ಹಿಚುಕಿದಿ, ನಿನಗೆ ಯಾರು ಅಧಿಕಾರ ಕೊಟ್ಟವರು ಎಂದು ಹಲ್ಲು ಕಚ್ಚಿ ಕೇಳಿದರು.

"ಅಂಗಾರೆ ಓಗಿ ಯೋಳಿ ನಿಮ್ಮಪ್ಪುಂಗೆ. ನನ್ ತಂಗೀನ ಬಾವೀಗ್ ನೂಕಿದ್ದು ನಾನೇ ಅಂತ ಯೋಳಿ."

ಹೋಗಲಿಲ್ಲ. ಹೋದರೆ ಬೆನ್ನು ತಟ್ಟಿದ್ದು ವಾಪಸ್ಸಾಗುತ್ತಿತ್ತು. ಆ ಬೆನ್ನಿನ ಆಸೆಗೆ ಸುಮ್ಮನಾದರೇ ಹೊರತು ತಂಗಿಯ ಮೇಲಿನ ಪ್ರೀತಿಗಲ್ಲ. ಅಂದಿನಿಂದ ನನಗೆ ನಕಲು ಕೊಡುವುದನ್ನು ಬಿಟ್ಟರು. ಮುಂದೆ ಬಂದ ಕಥೆಯೊಂದರಲ್ಲಿ ಗಂಡನಿಗೆ ಎದುರಾಡುವ ಹೆಂಡತಿಗೆ ನಾಲಿಗೆಯಲ್ಲಿ ಹುಣ್ಣಾಯಿತು. ಸಂತೋಷ.

ನಾದಿನಿ ಬಳ್ಳಾರಿಗೆ ಹೋದಳು, ಪಾಸಾದಳು, ಅಲ್ಲೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಾಯಿತು. ಹಬ್ಬಕ್ಕೆ ಬಂದಾಗ ಚಪ್ಪಲಿ ಮೆಟ್ಟಿಕೊಂಡೇ ಬರುವಳು, ಸಾರೂ ಚೆನ್ನಾಗಿ ಮಾಡುವಳು. ಮಾವ ಆ ಪತ್ರಿಕೆಯನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನೆಂಟರು ಬಂದಾಗಲೆಲ್ಲ ನನ್ನಿಂದ ಓದಿಸುವರು. ನಾನು ಪ್ರತಿ ಸಲವೂ ಪುಟ ನೋಡುತ್ತ ಅದೇ ಸುಳ್ಳನ್ನು ಓದುವೆ. ಓದಿ ಓದಿ ಅದು ಅಚ್ಚಿಗಿಂತ ಗಟ್ಟಿಯಾಯಿತು. ಕೊನೆಯ ಮಾತು ಮಾವನಿಗೇ ಬಾಯಿಪಾಠವಾಗಿತ್ತು. ನಮ್ಮವರು ಪಕ್ಕದಲ್ಲಿ ಕುಳಿತು ತಲೆದೂಗುತ್ತಿದ್ದರು, ನಾಚಿಕೆಗೆಟ್ಟವರು.

ನಾಲ್ಕು ವರ್ಷದ ಮೇಲೆ, ನನ್ನ ಮಗು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಅವಳು ಒಂದು ಬೇಸಿಗೆಯಲ್ಲಿ ಬಂದು ನನ್ನ ಹತ್ತಿರ ಗುಟ್ಟು ಹೇಳಿದಳು. ಪಕ್ಕದ ಶಾಲೆಯ ಒಬ್ಬ ಮೇಷ್ಟರು. ಹೆಂಡತಿ ಸತ್ತವರು, ಒಳ್ಳೆಯವರು, ಇವಳು ನಕ್ಕರೆ ತಾವೂ ನಗುವವರು. ಕೇಳಿದ್ದಾರೆ. ಇವಳಿಗೆ ಮನಸ್ಸಿದೆ. ಅಪ್ಪ ಒಪ್ಪಿದರೆ ಬಳ್ಳಾರಿಯಲ್ಲೇ ಮದುವೆ. ಅಪ್ಪನನ್ನು ಬಿಟ್ಟು ಮಾಡಿಕೊಳ್ಳಲಾರೆ ಎಂದಳು. ಅವಳ ಕೈ ಹಿಡಿದುಕೊಂಡೆ.

ಮರುದಿನ ಹಗಲಲ್ಲಿ ಅವಳೇ ಮಾವನೆದುರಿಗೆ ನಿಂತು ಹೇಳಿದಳು. ನಮ್ಮವರೂ ಅಲ್ಲಿದ್ದರು, ನೆಲ ನೋಡುತ್ತಿದ್ದರು. ಮಾವ ಕೂಗಾಡಲಿಲ್ಲ. ನಮ್ಮ ಮನೆತನದಲ್ಲಿ ಆಗಿಲ್ಲ, ಆದರೆ ಆಚೆ ಊರಿನಲ್ಲಿ ಒಂದೆರಡು ಆಗಿವೆ ಎಂದು ತಾವೇ ಹೇಳಿದರು. ಅವರು ಅರ್ಧ ಒಪ್ಪಿದ್ದರು, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಇವಳ ಅಣ್ಣ ಓದಿದವನು, ಅವನು ಇವಳ ಬಗ್ಗೆ ಏನು ಬರೆದಿದ್ದಾನೋ ಇನ್ನೊಂದು ಸಲ ಕೇಳಿ ಆಮೇಲೆ ಹೇಳುತ್ತೇನೆ ಎಂದರು. ಪೆಟ್ಟಿಗೆಯಿಂದ ಅರಿವೆ ಬಿಚ್ಚಿ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

ಅಣ್ಣನೆಂಬ ಪ್ರಾಣಿ ಆಗಲಾದರೂ ಬಾಯಿ ತೆರೆಯಬಹುದಿತ್ತು. ಅದು ಬರೀ ಕಥೆ ಅಪ್ಪಾ, ಅವಳಿಗೆ ಬೇಕಾದ್ದು ಅವಳು ಮಾಡಲಿ ಎನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಗಂಟಲು ಸರಿಮಾಡಿಕೊಂಡರು, ಅಷ್ಟೇ.

ನಾನು ಓದಿದೆ. ಪಾಸಾದಳು, ಟೀಚರಾದಳು, ಅಪ್ಪನಿಗೆ ಕೈ ಮುಗಿದರು. ಅಲ್ಲಿಗೆ ನಿಲ್ಲಿಸಿ ಪತ್ರಿಕೆ ಮಡಿಚಿದೆ. ಮಾವ ಹೂಂ ಎಂದು ಕಾದರು. ಇನ್ನೊಂದು ಮಾತೈತಲ್ಲ ಎಂದರು. ಇಲ್ಲ ಮಾವ, ಇಷ್ಟೇ ಎಂದೆ. ಅವರ ಹುಬ್ಬು ಗಂಟಿಕ್ಕಿತು. ನಾಲ್ಕು ವರ್ಷ ಕೇಳಿದ ಮಾತು ಇವತ್ತು ಯಾಕಿಲ್ಲ ಎಂದರು. ನನ್ನನ್ನೇ ನೋಡುತ್ತಿದ್ದರು. ಆಗ ಹೇಳಬೇಕಿತ್ತು. ಅದು ನಾನು ಕಟ್ಟಿದ್ದು, ಮಾವ, ಅಚ್ಚಿನಲ್ಲಿ ಎಂದೂ ಇರಲಿಲ್ಲ ಎನ್ನಬೇಕಿತ್ತು. ಹಾಗಾದರೆ ಅಚ್ಚಿನಲ್ಲಿ ಏನಿದೆ ಎಂದು ಕೇಳುವರು. ಟ್ರೈನಿಂಗಿಗೆ ಹೋದವಳು ಕೆಟ್ಟಳು ಎಂದು ಅವಳ ಅಣ್ಣನೇ ಬರೆದದ್ದು ಹೊರಬೀಳುತ್ತದೆ. ಮಾವ ಅವಳ ಕೆಲಸ ಬಿಡಿಸುತ್ತಾರೆ. ನಾನು ಮಗುವನ್ನೆತ್ತಿಕೊಂಡು ಮಡಕಶಿರಾದ ದಾರಿ ಹಿಡಿಯಬೇಕು. ಇದೆಲ್ಲ ಅವಳಿಗಾಗಿ ಯೋಚಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ಮಡಕಶಿರಾದ ದಾರಿಯೊಂದೇ ಕಂಡದ್ದು.

ನಿನ್ನ ಕಣ್ಣು ಹೋದವೇನು, ಆಕಿಗೆ ಕೊಡು, ಟೀಚರ್ ಅದಾಳಲ್ಲ, ಆಕೀನಽ ಓದ್ಲಿ ಎಂದರು ಮಾವ. ಪತ್ರಿಕೆಯನ್ನು ನಾದಿನಿಯ ಕೈಗೆ ಕೊಟ್ಟೆ. ಅವಳು ಪುಟ ತೆರೆದಳು. ಅಲ್ಲಿ ಏನಿತ್ತೆಂದು ಅವಳಿಗೂ ಗೊತ್ತು, ನನಗೂ ಗೊತ್ತು, ನೆಲ ನೋಡುತ್ತ ಕುಳಿತವರಿಗೂ ಗೊತ್ತು. ಅವಳು ಪುಟವನ್ನು ನೋಡಿ, ಒಂದು ಸಲ ನನ್ನನ್ನು ನೋಡಿ, ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳುವ ಹಾಗೆ ಬಿಡಿಬಿಡಿಯಾಗಿ ಓದಿದಳು. ಅಂದಿನಿಂದ ಆಕೆ ಯಾವ ಗಂಡಸಿನ ಮುಖವನ್ನೂ ಕಣ್ಣೆತ್ತಿ ನೋಡಲಿಲ್ಲ. ಶಾಲೆಯ ಮಕ್ಕಳೇ ಆಕೆಯ ಮಕ್ಕಳಾದರು.

ಮಾವ ಕಣ್ಣೊರೆಸಿಕೊಂಡರು. ಅವರು ಕೆಟ್ಟವರಲ್ಲ. "ನೀನಽ ಓದಿದಿ ನೋಡವ್ವಾ," ಎಂದರು. "ಇನ್ನ ನಾ ಏನ್ ಹೇಳ್ಲಿ?"

ಹೌದ್ರಿ ಅಪ್ಪಾ ಎಂದು ಅವಳು ಪತ್ರಿಕೆಯನ್ನು ಅವರ ಕೈಗಿಟ್ಟಳು. ಮದುವೆಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಮಾರನೆಯ ದಿನದ ಗಾಡಿಗೆ ಹೊರಟಳು. ನಾನು ಬುತ್ತಿ ಕಟ್ಟಿ ಸ್ಟೇಶನ್ನಿಗೆ ಹೋದೆ. ಪ್ಲಾಟ್‌ಫಾರಂ ಮೇಲೆ ನಾನು ಅಳುತ್ತ, ನಿನ್ನ ಅಣ್ಣನ ಕೈ ಸೇದಿಹೋಗಲಿ, ಅವರು ಆ ಹಾಳು ಕಥೆ ಬರೆಯದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಬೈದೆ. ಮನಸಾರೆ ಬೈದೆ. ಅವಳು ನನ್ನ ಬೈಗುಳ ಮುಗಿಯುವ ತನಕ ಕಾದಳು. ಮುಖದಲ್ಲಿ ಸಿಟ್ಟಿತ್ತು, ಅದು ಅಣ್ಣನ ಮೇಲಲ್ಲ ಎಂದು ಆಗ ತಿಳಿಯಿತು.

"ಅಂವ ಬರದದ್ದಕ್ಕ ನನಗ ಏನೂ ಅನಿಸಿಲ್ಲ, ಅತ್ತಿಗಿ. ನಾ ಎಂಥಾಕಿ ಅಂತ ಅಂವಗ ಗೊತ್ತಽ ಇಲ್ಲ. ನಿನಗ ಗೊತ್ತಿತ್ತು."

ಬುತ್ತಿಯ ಗಂಟನ್ನು ನನ್ನ ಕೈಯಲ್ಲೇ ಬಿಟ್ಟು ಡಬ್ಬಿ ಹತ್ತಿದಳು.